ಹನ್ನೆರಡೇ ಚಿತ್ರ

ವಿದೇಶದಲ್ಲಿ ಓದುವ ಮಕ್ಕಳಿರುವ ಮನೆಗೆ ಹೋದರೆ ಒಂದು ಸತ್ಕಾರ ತಪ್ಪುವುದಿಲ್ಲ. ಕಾಫಿ ಲೋಟ ಕೆಳಗಿಡುವ ಮೊದಲೇ ಮನೆಯವರು ಮೊಬೈಲು ಮುಂದೆ ಹಿಡಿಯುತ್ತಾರೆ. ಇದು ಐಫೆಲ್ ಗೋಪುರ, ಇದು ಆಲ್ಪ್ಸ್ ಪರ್ವತದ ಹಿಮ, ಇದು ವೆನಿಸ್ಸಿನ ದೋಣಿ. ಎಲ್ಲ ಚಿತ್ರಗಳ ನಡುವೆಯೂ ಮಗನೋ ಮಗಳೋ ನಗುತ್ತ ನಿಂತಿರುತ್ತಾರೆ. ನೋಡಿದವರು 'ಪುಣ್ಯ ಮಾಡಿದ್ದೀರಿ' ಅನ್ನುತ್ತಾರೆ. ಹೆತ್ತವರಿಗೂ ಹಾಗೆಯೇ ಅನ್ನಿಸುತ್ತದೆ.

ಅರಸೀಕೆರೆಯ ನಿವೃತ್ತ ಪ್ರೌಢಶಾಲೆ ಮೇಷ್ಟ್ರೊಬ್ಬರ ಮನೆಯಲ್ಲೂ ಒಂದೂವರೆ ವರ್ಷ ಹೀಗೆಯೇ ನಡೆದಿತ್ತು. ಅವರ ಒಬ್ಬಳೇ ಮಗಳು 2023ರ ಅಕ್ಟೋಬರಿನಲ್ಲಿ ಎಂ.ಎಸ್. ಓದಲು ಜರ್ಮನಿಯ ಡ್ರೆಸ್ಡನ್ ನಗರಕ್ಕೆ ಹೋದವಳು. ಈ ದಾರಿ ಹಿಡಿದವಳು ಅವಳೊಬ್ಬಳೇ ಅಲ್ಲ. 2022-23ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 43,000. ಚೀನಾದ ವಿದ್ಯಾರ್ಥಿಗಳನ್ನು ಹಿಂದೆ ಹಾಕಿ ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲೇ ದೊಡ್ಡ ಗುಂಪಾದದ್ದು ಆ ವರ್ಷವೇ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದೇ ಮಧ್ಯಮ ವರ್ಗದ ಮನೆಗಳಿಗೆ ದೊಡ್ಡ ಆಕರ್ಷಣೆ. ಆದರೆ ಶುಲ್ಕವಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ವೀಸಾ ಕೇಳುವ ಮೊದಲು ಒಂದು ವರ್ಷದ ಜೀವನಕ್ಕೆ ಬೇಕಾದ ಹಣವನ್ನು ಜರ್ಮನಿಯ ಖಾತೆಯೊಂದರಲ್ಲಿ ಕಟ್ಟಿ ತೋರಿಸಬೇಕು. ಅದನ್ನು ತಿಂಗಳಿಗಿಷ್ಟು ಎಂದು ಮಾತ್ರ ತೆಗೆಯಬಹುದು. ಮೇಷ್ಟ್ರ ಮಗಳು ಹೋದಾಗ ಆ ಮೊತ್ತ 11,208 ಯೂರೊ. 2024ರ ಸೆಪ್ಟೆಂಬರಿನಿಂದ 11,904 ಯೂರೊ. ರೂಪಾಯಿಯಲ್ಲಿ ಹತ್ತು ಲಕ್ಷ ದಾಟಿತು. ಬ್ಯಾಂಕಿನ ಸಾಲ, ಮೇಷ್ಟ್ರ ನಿವೃತ್ತಿಯ ಹಣ, ಜೊತೆಗೆ ಇನ್ನೂ ಏನೇನೋ ಸೇರಿ ಅದು ಹೇಗೋ ಹೊಂದಿತು.

2025ರ ಮೇ ತಿಂಗಳಲ್ಲಿ ಗಂಡ ಹೆಂಡತಿ ಮಗಳನ್ನು ನೋಡಿಕೊಂಡು ಬರಲು ಹೊರಟರು. ಪ್ಯಾಕೇಜ್ ಟೂರು ಬೇಡ, ನಾನೇ ತೋರಿಸುತ್ತೇನೆ ಎಂದು ಮಗಳು ಹೇಳಿದ್ದಳು. ಹೊರಡುವ ಮುನ್ನ ಮೇಷ್ಟ್ರು ಒಂದು ನಿರ್ಧಾರ ಮಾಡಿದರು. ಇಡೀ ಪ್ರವಾಸಕ್ಕೆ ಹನ್ನೆರಡು ಚಿತ್ರ, ಅದಕ್ಕಿಂತ ಒಂದೂ ಹೆಚ್ಚಿಲ್ಲ.

ಇದಕ್ಕೆ ಕಾರಣವಿತ್ತು. ಅವರು ಸಮಾಜ ವಿಜ್ಞಾನದ ಮೇಷ್ಟ್ರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳನ್ನು ಬೇಲೂರು, ಹಳೇಬೀಡು, ಹಂಪಿಗೆ ಕರೆದುಕೊಂಡು ಹೋಗುವಾಗ ಹೆಗಲಿಗೆ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಇರುತ್ತಿತ್ತು. ಅದರ ರೀಲಿನಲ್ಲಿ ಬರುತ್ತಿದ್ದದ್ದು ಹನ್ನೆರಡು ಚಿತ್ರ. ಎರಡನೆಯ ರೀಲಿಗೆ ದುಡ್ಡಿಲ್ಲ. ಹೀಗಾಗಿ ಗುಂಡಿ ಒತ್ತುವ ಮೊದಲು ಮೇಷ್ಟ್ರು ದೇವಸ್ಥಾನಕ್ಕೆ ಒಂದು ಸುತ್ತು ಹಾಕುತ್ತಿದ್ದರು. ಬಿಸಿಲು ಎಲ್ಲಿ ಬೀಳುತ್ತದೆ, ಯಾವ ಶಿಲ್ಪ ಮುಖ್ಯ, ಯಾವ ಹುಡುಗ ಇನ್ನೂ ಯಾವ ಚಿತ್ರಕ್ಕೂ ಸೇರಿಲ್ಲ ಎಂದೆಲ್ಲ ನೋಡಿ ಆಮೇಲೆ ತೆಗೆಯುತ್ತಿದ್ದರು. ರೀಲು ತೊಳೆಸಿ ತರುವವರೆಗೆ ಇಡೀ ತರಗತಿ ಕಾಯುತ್ತಿತ್ತು. 'ಹನ್ನೆರಡೇ ಇದ್ದಾಗ ಕಣ್ಣು ಮೊದಲು ನೋಡುತ್ತೆ, ಕೈ ಆಮೇಲೆ ಏಳುತ್ತೆ' ಎಂಬುದು ಅವರ ಮಾತು.

ಬಾರದಿದ್ದ ಚಿತ್ರ

ಡ್ರೆಸ್ಡನ್ನಿಗೆ ಬಂದ ಮೊದಲ ದಿನವೇ ಒಂದು ಸಂಗತಿ ಎದುರಾಯಿತು. ಮಗಳ ಕೋಣೆ. ಒಂದು ಮಂಚ, ಒಂದು ಮೇಜು, ಒಂದು ಬೀರು ಹಿಡಿಸಿದರೆ ಮುಗಿಯಿತು. ಅಡುಗೆಮನೆ ಎಂಟು ಜನಕ್ಕೆ ಒಂದು. ಫ್ರಿಜ್ಜಿನಲ್ಲಿ ಅವಳ ಪಾಲಿಗೆ ಒಂದು ಅಂಕಣ. ಮೇಜಿನ ಮೇಲಿನ ಗೋಡೆಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಕಾಲೇಜಿನ ಪಾಠಗಳು ನೀಲಿ ಶಾಯಿಯಲ್ಲಿ, ವಾರಕ್ಕೆ ಮೂರು ದಿನ ಬೆಳಗಿನ ನಾಲ್ಕೂವರೆಗೆ ಒಂದು ಕೆಂಪು ಗುರುತು.

'ಇದೇನು ಪುಟ್ಟಿ?' ಎಂದು ತಾಯಿ ಕೇಳಿದರು.

'ಬೇಕರಿ ಕೆಲಸ ಅಮ್ಮ. ಬ್ರೆಡ್ ಜೋಡಿಸೋದು, ಟ್ರೇ ತೊಳೆಯೋದು.'

ಹೊರದೇಶದ ವಿದ್ಯಾರ್ಥಿಗಳು ಓದಿನ ಜೊತೆಗೆ ಕೆಲಸ ಮಾಡಲು ಜರ್ಮನಿಯಲ್ಲಿ ಅವಕಾಶವಿದೆ. 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಅದರಲ್ಲಿ ತಪ್ಪೇನೂ ಇಲ್ಲ, ಅವಮಾನವೂ ಇಲ್ಲ. ಆದರೆ ಒಂದೂವರೆ ವರ್ಷದಲ್ಲಿ ಬಂದ ನೂರಾರು ಚಿತ್ರಗಳಲ್ಲಿ ಈ ಕೋಣೆ ಇರಲಿಲ್ಲ. ಬೇಕರಿಯ ಏಪ್ರನ್ ಇರಲಿಲ್ಲ. ಡಿಸೆಂಬರಿನಲ್ಲಿ ಎಂಟು ಗಂಟೆಗೆ ಬೆಳಗಾಗಿ ನಾಲ್ಕು ಗಂಟೆಗೆಲ್ಲ ಕತ್ತಲಾಗುವ ಆಕಾಶವೂ ಇರಲಿಲ್ಲ. ಎರಡು ದಿನದ ಅಗ್ಗದ ಬಸ್ಸಿನ ಪ್ರವಾಸದಲ್ಲಿ ತೆಗೆದ ಚಿತ್ರಗಳನ್ನು ಮಗಳು ಎರಡು ತಿಂಗಳು ಸ್ವಲ್ಪ ಸ್ವಲ್ಪವಾಗಿ ಕಳಿಸುತ್ತಿದ್ದಳು ಎಂಬುದು ಆಗ ತಿಳಿಯಿತು.

'ಹೇಳೋದಲ್ವೇನೇ?'

'ಸಾಲ ಮಾಡಿ ಕಳಿಸಿದ್ದೀರ. ಇದನ್ನ ನೋಡಿದ್ರೆ ನಿಮಗೆ ನಿದ್ದೆ ಬರ್ತಿತ್ತಾ?'

ತಾಯಿ ಮತ್ತೆ ಮಾತಾಡಲಿಲ್ಲ. ಊರಿನಿಂದ ತಂದಿದ್ದ ಚಟ್ನಿಪುಡಿ, ಹುರಿಹಿಟ್ಟು, ತೆಂಗಿನಕಾಯಿ ಕೊಬ್ಬರಿಯನ್ನೆಲ್ಲ ಆ ಒಂದು ಅಂಕಣದಲ್ಲಿ ಹೊಂದಿಸಿಡುವುದರಲ್ಲೇ ಸಂಜೆಯಾಯಿತು. ಮೇಷ್ಟ್ರು ತಮ್ಮ ಮೊದಲನೆಯ ಚಿತ್ರ ತೆಗೆದದ್ದು ಆ ವೇಳಾಪಟ್ಟಿಯನ್ನು.

ಮದುವೆ ಚಿತ್ರ ಕೊಟ್ಟ ಬಾಗಿಲು

ಡ್ರೆಸ್ಡನ್ನಿನ ನಡುಮಧ್ಯೆ ಫ್ರೌಎನ್‌ಕಿರ್ಷೆ ಎಂಬ ದೊಡ್ಡ ಇಗರ್ಜಿ ಇದೆ. 1726ರಿಂದ 1743ರವರೆಗೆ ಕಟ್ಟಿದ್ದು. 1945ರ ಫೆಬ್ರವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳು, ಮರುದಿನ ಅಮೆರಿಕದ ವಿಮಾನಗಳು ನಗರದ ಮೇಲೆ ಬಾಂಬು ಸುರಿದವು. ಸತ್ತವರು ಸುಮಾರು 25,000 ಎಂದು ಇತಿಹಾಸಕಾರರ ಸಮಿತಿಯೊಂದು 2010ರಲ್ಲಿ ಹೇಳಿದೆ. ಇಗರ್ಜಿ ಬೆಂಕಿಯಲ್ಲಿ ಎರಡು ದಿನ ನಿಂತಿದ್ದು ಫೆಬ್ರವರಿ 15ರ ಬೆಳಿಗ್ಗೆ ಕುಸಿಯಿತು. ಪೂರ್ವ ಜರ್ಮನಿಯ ಕಾಲದಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಅದು ಕಲ್ಲಿನ ರಾಶಿಯಾಗಿಯೇ ಉಳಿದಿತ್ತು. ದೇಶ ಒಂದಾದ ಮೇಲೆ, 1994ರಲ್ಲಿ ಮತ್ತೆ ಕಟ್ಟಲು ಆರಂಭಿಸಿ 2005ರ ಅಕ್ಟೋಬರ್ 30ರಂದು ಪ್ರಾರ್ಥನೆಗೆ ಬಿಟ್ಟುಕೊಟ್ಟರು.

ದೂರದಿಂದ ನೋಡಿದರೆ ಗೋಡೆಗೆ ಅಲ್ಲಲ್ಲಿ ಕಪ್ಪು ತೇಪೆ ಹಾಕಿದಂತೆ ಕಾಣುತ್ತದೆ. ಆ ಕಪ್ಪು ಕಲ್ಲುಗಳು ಹಳೆಯವು, ತಿಳಿಬಣ್ಣದವು ಹೊಸವು. ರಾಶಿಯಿಂದ ಆರಿಸಿದ ಸುಮಾರು 3,800 ಹಳೆಯ ಕಲ್ಲುಗಳನ್ನು ಮತ್ತೆ ಬಳಸಿದ್ದಾರೆ. ಗುಮ್ಮಟದ ಮೇಲಿನ ಚಿನ್ನದ ಬಣ್ಣದ ಶಿಲುಬೆ ಬ್ರಿಟಿಷರ ಕೊಡುಗೆ. ಅದನ್ನು ಮಾಡಿದ ಅಕ್ಕಸಾಲಿಗನ ತಂದೆ ಅಂದು ಬಾಂಬು ಹಾಕಿದ ವಿಮಾನಗಳೊಂದರ ಚಾಲಕನಾಗಿದ್ದವನು.

ಮೇಷ್ಟ್ರ ಮನಸ್ಸು ನಿಂತದ್ದು ಮಾತ್ರ ಬಾಗಿಲಿನ ಮುಂದೆ. ಮೂಲ ಓಕ್ ಮರದ ಬಾಗಿಲು ಸುಟ್ಟುಹೋಗಿತ್ತು. ಅದರ ಕೆತ್ತನೆ ಹೇಗಿತ್ತೆಂಬ ವಿವರ ಸಾಲದೆ ಬಂದಾಗ ಕಟ್ಟುವವರು ಜನರಿಗೆ ಮನವಿ ಮಾಡಿದರು: ಈ ಬಾಗಿಲ ಮುಂದೆ ನಿಂತು ತೆಗೆಸಿಕೊಂಡ ಹಳೆಯ ಫೋಟೊ ಯಾರ ಮನೆಯಲ್ಲಾದರೂ ಇದ್ದರೆ ಕೊಡಿ. ಜನ ಮದುವೆಯ ಆಲ್ಬಮ್ಮುಗಳನ್ನೇ ತಂದುಕೊಟ್ಟರು. ಫೋಟೊ ತೆಗೆಸಿಕೊಂಡ ದಿನ ಅವರು ಬಾಗಿಲನ್ನು ನೋಡಿದ್ದರೋ ಇಲ್ಲವೋ. ವಧುವಿನ ಮುಸುಕು, ವರನ ಟೋಪಿ, ನೆಂಟರಿಷ್ಟರ ಸಾಲು, ಅವರ ಹಿಂದೆ ಆ ಬಾಗಿಲು. ಆ ಚಿತ್ರಗಳನ್ನು ಜೋಡಿಸಿ ನೋಡಿ ಬಡಗಿಗಳು ಬಾಗಿಲನ್ನು ಮತ್ತೆ ಕೆತ್ತಿದರು.

ಮೇಷ್ಟ್ರಿಗೆ ತಟ್ಟನೆ ಹಂಪಿ ನೆನಪಾಯಿತು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಕಂಪನಿ ಸೈನ್ಯದ ಅಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರ ತೆಗೆದಿದ್ದ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಆ ಚಿತ್ರದಲ್ಲಿ ಇಟ್ಟಿಗೆಯ ಶಿಖರವೊಂದಿದೆ. ಇಂದು ಹೋದರೆ ಅದು ಕಾಣುವುದಿಲ್ಲ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಮೇಲಿರುವುದೂ ಶಿಖರವಿಲ್ಲದ ರಥವೇ. ಯೂರೋಪಿನಿಂದ ಬಂದವನೊಬ್ಬ ಬಿಸಿಲಲ್ಲಿ ನಿಂತು ತೆಗೆದ ಚಿತ್ರ ಇರದಿದ್ದರೆ ಆ ಶಿಖರ ಹೇಗಿತ್ತೆಂದು ಕಣ್ಣಾರೆ ನೋಡುವ ದಾರಿಯೇ ಇರುತ್ತಿರಲಿಲ್ಲ. ಮೇಷ್ಟ್ರು ಇದನ್ನು ಹೇಳಿ ಹೆಂಡತಿ ಮಗಳನ್ನು ಬಾಗಿಲ ಮುಂದೆ ನಿಲ್ಲಿಸಿದರು. 'ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಬಾಗಿಲೂ ಬರಲಿ.' ಅದು ಮೂರನೆಯ ಚಿತ್ರ.

ಬಗ್ಗಿ ಓದುವ ಕಲ್ಲು

ಬರ್ಲಿನ್ನಿನ ಒಂದು ಬೀದಿಯಲ್ಲಿ ತಾಯಿ ಕಾಲುದಾರಿಯ ಮೇಲೆ ಏನೋ ಹೊಳೆಯುವುದನ್ನು ಕಂಡು ನಿಂತರು. ಅಂಗೈಯಗಲದ ಹಿತ್ತಾಳೆಯ ತಗಡು. ನೆಲದ ಕಲ್ಲುಗಳ ನಡುವೆ ಕೂಡಿಸಿದ್ದು. ಮಗಳು ಓದಿ ಹೇಳಿದಳು. 'ಇಲ್ಲಿ ವಾಸವಾಗಿದ್ದರು' ಎಂದು ಮೊದಲಾಗಿ ಒಂದು ಹೆಸರು, ಹುಟ್ಟಿದ ವರ್ಷ, ನಾಜಿಗಳು ಎಳೆದೊಯ್ದ ವರ್ಷ, ಕೊಂದ ಜಾಗ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಆರಂಭಿಸಿದ ಕೆಲಸವಿದು. ಹತ್ತು ಸೆಂಟಿಮೀಟರ್ ಚೌಕದ ಇಂಥ ಕಲ್ಲುಗಳು 2023ರ ಹೊತ್ತಿಗೆ ಯೂರೋಪಿನ ಹಲವು ದೇಶಗಳಲ್ಲಿ ಸೇರಿ ಒಂದು ಲಕ್ಷ ಮುಟ್ಟಿದವು. ಸತ್ತವರು ಕೊನೆಯದಾಗಿ ಸ್ವಂತ ಇಷ್ಟದಿಂದ ಬದುಕಿದ್ದ ಮನೆಯ ಎದುರೇ ಅವನ್ನು ಹಾಕುತ್ತಾರೆ. ಓದಬೇಕಾದರೆ ತಲೆ ಬಗ್ಗಿಸಲೇಬೇಕು.

ಅದೇ ನಗರದಲ್ಲಿ, ಕೊಲೆಯಾದ ಯೆಹೂದಿಗಳ ನೆನಪಿಗೆ 2005ರಲ್ಲಿ ತೆರೆದ ದೊಡ್ಡ ಸ್ಮಾರಕವಿದೆ. ಶವಪೆಟ್ಟಿಗೆಯಂತೆ ಕಾಣುವ 2,711 ಕಾಂಕ್ರೀಟ್ ದಿಮ್ಮಿಗಳು. ಅವುಗಳ ಮೇಲೆ ಹತ್ತಿ, ಹಾರಿ, ನಗುತ್ತ ಸೆಲ್ಫಿ ತೆಗೆದುಕೊಂಡವರ ಚಿತ್ರಗಳನ್ನು 2017ರಲ್ಲಿ ಬರ್ಲಿನ್ನಿನಲ್ಲಿದ್ದ ಶಾಹಾಕ್ ಶಪೀರಾ ಎಂಬ ಕಲಾವಿದ ಆಯ್ದುಕೊಂಡ. ಹಿಂದಿನ ದಿಮ್ಮಿಗಳನ್ನು ಅಳಿಸಿ ಆ ಜಾಗದಲ್ಲಿ ಸಾವಿನ ಶಿಬಿರಗಳ ನಿಜ ಚಿತ್ರಗಳನ್ನು ಕೂಡಿಸಿ ಪ್ರಕಟಿಸಿದ. ಅದೇ ನಗು, ಅದೇ ನೆಗೆತ; ಕಾಲ ಕೆಳಗೆ ಮಾತ್ರ ಹೆಣಗಳು. ಚಿತ್ರದಲ್ಲಿದ್ದವರು ಬರೆದು ಕೇಳಿಕೊಂಡರೆ ತೆಗೆದುಹಾಕುತ್ತೇನೆ ಎಂದಿದ್ದ. ಕೆಲವೇ ದಿನಗಳಲ್ಲಿ ಆ ಚಿತ್ರಗಳೆಲ್ಲ ಇಳಿದವು.

ಆ ಹುಡುಗ ಹುಡುಗಿಯರು ಕೆಟ್ಟವರೇನಲ್ಲ ಎಂದು ಮೇಷ್ಟ್ರ ಅಭಿಪ್ರಾಯ. ಎಲ್ಲಿ ನಿಂತಿದ್ದೇವೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಹೋಗುವ ಮೊದಲು ಅರ್ಧ ಗಂಟೆ ಓದಿದ್ದರೆ ಸಾಕಿತ್ತು. ಸ್ಮಾರಕದಲ್ಲಿ ಮೇಷ್ಟ್ರು ಚಿತ್ರ ತೆಗೆಯಲಿಲ್ಲ. ಹಿತ್ತಾಳೆಯ ಕಲ್ಲನ್ನು ತಾಯಿ ತಮ್ಮ ಕರವಸ್ತ್ರದಿಂದ ಒರೆಸುತ್ತಿದ್ದಾಗ ತೆಗೆದದ್ದು ಒಂದಿದೆ. ಅದರಲ್ಲಿ ತಾಯಿಯ ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ.

ಮೋನಾಲಿಸಾಳಿಗೆ ಬೆನ್ನು

ಬರ್ಲಿನ್ನಿನಿಂದ ಪ್ಯಾರಿಸ್ಸಿಗೆ 2024ರ ಡಿಸೆಂಬರಿನಿಂದ ಹಗಲು ಹೊತ್ತಿನ ನೇರ ರೈಲು ಓಡುತ್ತಿದೆ. ಎಂಟು ಗಂಟೆಯ ದಾರಿ. ಸ್ಟ್ರಾಸ್‌ಬರ್ಗಿನ ಹತ್ತಿರ ರೈನ್ ನದಿ ದಾಟುವಾಗ ಮೇಷ್ಟ್ರು ಗಡಿ ಎಲ್ಲಿದೆ ಎಂದು ಕಿಟಕಿಗೆ ಅಂಟಿಕೊಂಡರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಜಾಗ. 1870, 1914, 1939 - ಮೂರು ಯುದ್ಧ. ಸ್ಟ್ರಾಸ್‌ಬರ್ಗ್ ಊರು ಎಪ್ಪತ್ತೈದು ವರ್ಷದೊಳಗೆ ನಾಲ್ಕು ಸಲ ದೇಶ ಬದಲಿಸಿತ್ತು. ನದಿ ಬಂತು, ಸೇತುವೆ ಬಂತು, ಮುಗಿಯಿತು. ಬೋಗಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಗಡಿಯೊಂದು ಯಾರ ಗಮನಕ್ಕೂ ಬಾರದೆ ಹೋಗುವುದೇ ಎಂಥ ದೊಡ್ಡ ಸಂಗತಿ ಎಂದು ಅವರು ಮಗಳಿಗೆ ಹೇಳಿದರು. ನದಿಯ ಚಿತ್ರ ಅಲ್ಲಾಡಿ ಮಸುಕಾಗಿದೆ, ಆದರೂ ಹನ್ನೆರಡರಲ್ಲಿ ಅದು ಉಳಿದಿದೆ.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಮೋನಾಲಿಸಾ ಚಿತ್ರವಿರುವ ಕೋಣೆಗೆ ಹೋದವರು ಮೊದಲು ನೋಡುವುದು ಎತ್ತಿದ ಕೈಗಳನ್ನು. ಆ ಚಿತ್ರ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ, ಅಷ್ಟೇ. ಬಂದವರು ಅದಕ್ಕೆ ಬೆನ್ನು ಹಾಕಿ ತಮ್ಮ ಚಿತ್ರ ತೆಗೆದುಕೊಂಡು ಹೊರಡುತ್ತಾರೆ. 1911ರ ಆಗಸ್ಟಿನಲ್ಲಿ ಈ ಚಿತ್ರ ಕಳುವಾಗಿತ್ತು. ಆಗ ಜನ ಸಾಲುಗಟ್ಟಿ ಬಂದು ಚಿತ್ರವಿದ್ದ ಖಾಲಿ ಗೋಡೆಯನ್ನು ನೋಡಿ ಹೋದರಂತೆ. ಎರಡು ವರ್ಷದ ಮೇಲೆ ಇಟಲಿಯ ಫ್ಲಾರೆನ್ಸಿನಲ್ಲಿ ಅದು ಸಿಕ್ಕಿತು. ಇರುವುದನ್ನು ನೋಡಲು ಪುರಸೊತ್ತಿಲ್ಲದ ಜನಕ್ಕೆ ಇಲ್ಲದ್ದನ್ನು ನೋಡಲು ಎಷ್ಟು ಆತುರ ನೋಡಿ!

ಅದೇ ಕೋಣೆಯಲ್ಲಿ, ಮೋನಾಲಿಸಾಳ ಎದುರು ಗೋಡೆಯ ತುಂಬ, ವೆರೊನೀಸ್ ಬರೆದ ಮದುವೆಯೂಟದ ಚಿತ್ರವಿದೆ. ಸುಮಾರು ಹತ್ತು ಮೀಟರ್ ಅಗಲ, ಏಳು ಮೀಟರಿನಷ್ಟು ಎತ್ತರ. ಲೂವ್ರಿನ ಅತಿ ದೊಡ್ಡ ವರ್ಣಚಿತ್ರ ಅದು. ತಾಯಿಗೆ ಮೋನಾಲಿಸಾ ಹತ್ತಿರ ಹೋಗುವ ನೂಕುನುಗ್ಗಲು ಬೇಡವಾಯಿತು. ಅವರು ತಿರುಗಿ ನಿಂತು ಆ ಊಟದ ಪಂಕ್ತಿಯನ್ನು ಇಪ್ಪತ್ತು ನಿಮಿಷ ನೋಡಿದರು. ಬಡಿಸುವವರು ಯಾರು, ಸಂಗೀತದವರು ಎಲ್ಲಿ ಕೂತಿದ್ದಾರೆ, ನಾಯಿ ಎಷ್ಟಿವೆ, ವಧು ಯಾವ ಮೂಲೆಯಲ್ಲಿದ್ದಾಳೆ ಎಂದೆಲ್ಲ ಎಣಿಸಿದರು. 'ಏನ್ರೀ, ಇಷ್ಟು ದೊಡ್ಡದನ್ನ ಇಲ್ಲಿಗೆ ಹೇಗೆ ತಂದ್ರು?' ಎಂದು ಕೇಳಿದರು. ವೆನಿಸ್ಸಿನ ಮಠವೊಂದರಿಂದ ನೆಪೋಲಿಯನ್ನನ ಸೈನ್ಯ 1797ರಲ್ಲಿ ಹೊತ್ತು ತಂದದ್ದು ಎಂದು ಮೇಷ್ಟ್ರು ಹೇಳಿದರು. 'ಎರಡೇ ವರ್ಷದ ಮೇಲೆ ಶ್ರೀರಂಗಪಟ್ಟಣದಿಂದ ಟಿಪ್ಪುವಿನ ಮರದ ಹುಲಿ ಲಂಡನ್ನಿಗೆ ಹೋಯ್ತಲ್ಲ, ಹಾಗೇ ಕಣೇ.' ಇಪ್ಪತ್ತು ನಿಮಿಷ ಒಂದೇ ಚಿತ್ರದ ಮುಂದೆ ನಿಂತ ಆಕೆಯನ್ನು ಸುತ್ತ ಓಡಾಡುವ ಜನ ವಿಚಿತ್ರವಾಗಿ ನೋಡುತ್ತಿದ್ದರು. ಇಡೀ ಲೂವ್ರಿನಲ್ಲಿ ಆಕೆಗೆ ಇಂದಿಗೂ ನೆನಪಿರುವುದು ಆ ಒಂದು ಚಿತ್ರ, ಅದೂ ಪೂರ್ತಿಯಾಗಿ.

ನಿಂತವನು ಮಾತ್ರ ಬಿದ್ದ

ಪ್ರವಾಸದ ಕೊನೆಯ ಸಂಜೆ ಮೂವರೂ ಪ್ಯಾರಿಸ್ಸಿನ ರಿಪಬ್ಲಿಕ್ ಚೌಕದಲ್ಲಿ ಕುಳಿತಿದ್ದರು. ಪ್ರವಾಸಿಗಳು ಹೆಚ್ಚಾಗಿ ಬರುವ ಜಾಗವಲ್ಲ ಅದು. ಮೇಷ್ಟ್ರು ಹಟ ಮಾಡಿ ಕರೆತಂದಿದ್ದರು. 1838ರಲ್ಲಿ ಲೂಯಿ ದಾಗೇರ್ ಎಂಬಾತ ಆ ಹತ್ತಿರದ ತನ್ನ ಕಿಟಕಿಯಿಂದ ಬುಲ್ವಾರ್ ದ್ಯು ತಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದ. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡುವ ಚಿತ್ರ. ಮುಂದಿನ ವರ್ಷ, 1839ರ ಆಗಸ್ಟ್ 19ರಂದು, ಫ್ರಾನ್ಸ್ ಸರ್ಕಾರ ಈ ವಿದ್ಯೆಯನ್ನು ಲೋಕಕ್ಕೆ ಬಹಿರಂಗಪಡಿಸಿತು.

ಆ ಬೀದಿ ಆಗ ಜನ, ಕುದುರೆ, ಗಾಡಿಗಳಿಂದ ಗಿಜಿಗುಡುತ್ತಿದ್ದ ಬೀದಿ. ಚಿತ್ರದಲ್ಲಿ ಮಾತ್ರ ಅದು ಬಿಕೋ ಎನ್ನುತ್ತದೆ. ಕಾರಣ ಸರಳ. ಚಿತ್ರ ಮೂಡಲು ಹಲವು ನಿಮಿಷ ಬೇಕಾಗಿತ್ತು. ಓಡಾಡುತ್ತಿದ್ದ ಯಾರೂ ತಗಡಿನ ಮೇಲೆ ಗುರುತು ಬಿಡುವಷ್ಟು ಹೊತ್ತು ಒಂದೆಡೆ ನಿಲ್ಲಲಿಲ್ಲ. ಮೂಲೆಯಲ್ಲಿ ಒಬ್ಬ ಮಾತ್ರ ಒಂದು ಕಾಲು ಎತ್ತಿಟ್ಟು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದ. ಅವನು ಬಿದ್ದ. ಮನುಷ್ಯನೊಬ್ಬ ಫೋಟೊದಲ್ಲಿ ಕಾಣಿಸಿಕೊಂಡದ್ದು ಅದೇ ಮೊದಲು ಎನ್ನುತ್ತಾರೆ.

'ಅಂದ್ರೆ ಆ ಫೋಟೊ ಸುಳ್ಳಾ ಅಪ್ಪ?'

'ಸುಳ್ಳಲ್ಲ. ಅಲ್ಲಿರೋದೆಲ್ಲ ನಿಜ. ಆದ್ರೆ ಇದ್ದದ್ದೆಲ್ಲ ಅಲ್ಲಿಲ್ಲ.'

ತಾಯಿ ಮಗಳ ಮೊಬೈಲಿನಲ್ಲಿ ಆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದರು. 'ಬೂಟು ತಿಕ್ಕೋನೂ ಬಿದ್ದಿದ್ದಾನಲ್ಲ, ಇಲ್ಲಿ ಬಗ್ಗಿ ಕೂತಿದ್ದಾನೆ ನೋಡಿ' ಎಂದರು. ನಿಜ. ಸ್ವಲ್ಪ ಮಸುಕಾಗಿ ಅವನೂ ಇದ್ದ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೇಷ್ಟ್ರು ಮಗಳಿಗೆ ಇಷ್ಟು ದಿನ ಹೇಳದಿದ್ದದ್ದನ್ನು ಹೇಳಿದರು. ತೆಂಗಿನ ತೋಟ ಒತ್ತೆಯಲ್ಲಿದೆ. ಕಳೆದ ಗೌರಿ ಹಬ್ಬಕ್ಕೆ ಅಮ್ಮ ಹೊಸ ಸೀರೆಯುಟ್ಟು ನಿಂತ ಚಿತ್ರ ಕಳಿಸಿದ್ದೆವಲ್ಲ, ಅದಕ್ಕೆ ಒಂಬತ್ತು ದಿನ ಮೊದಲು ಅವಳಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ನಿನ್ನ ಪರೀಕ್ಷೆ ಇತ್ತೆಂದು ಹೇಳಲಿಲ್ಲ.

ಮಗಳು ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ತಾಯಿ ಅವಳ ತಲೆ ಸವರುತ್ತ, 'ನೀನು ಬೇಕರಿ ಹೇಳ್ಲಿಲ್ಲ, ನಾವು ಆಸ್ಪತ್ರೆ ಹೇಳ್ಲಿಲ್ಲ. ಸರಿಹೋಯ್ತು ಬಿಡು' ಎಂದರು. ಆ ಗಳಿಗೆಯ ಚಿತ್ರವಿಲ್ಲ. ಮೇಷ್ಟ್ರ ಬಳಿ ಅಷ್ಟು ಹೊತ್ತಿಗೆ ಇನ್ನೂ ಎರಡು ಉಳಿದಿದ್ದವು.

ಚಿತ್ರದ ಹೊರಗಿರುವುದು

ಯೂರೋಪಿಗೆ ಹೋಗುವುದು ಈಗ ಕರ್ನಾಟಕದ ಮನೆಗಳಿಗೆ ಹೊಸತಲ್ಲ. ಕಾರಂತರು ಯೂರೋಪು ಸುತ್ತಿ 'ಅಪೂರ್ವ ಪಶ್ಚಿಮ' ಬರೆದ ಕಾಲದಲ್ಲಿ ಹೋಗಿ ಬಂದವರ ಪುಸ್ತಕ ಓದಿಯೇ ಉಳಿದವರು ಆ ದೇಶಗಳನ್ನು ಕಾಣಬೇಕಿತ್ತು. ಇಂದು ಕ್ಷಣದಲ್ಲಿ ಚಿತ್ರ ಬರುತ್ತದೆ, ಆದರೆ ಅದರ ಜೊತೆಗೆ ಬರಬೇಕಾದ ನಾಲ್ಕು ಮಾತು ಬರುವುದಿಲ್ಲ. ಹೊರಗೆ ಓದುವ ಮಕ್ಕಳು ಹೆತ್ತವರನ್ನು ನೋಯಿಸಬಾರದೆಂದು ಒಳ್ಳೆಯದನ್ನಷ್ಟೇ ಕಳಿಸುತ್ತಾರೆ. ಹೆತ್ತವರೂ ಮಕ್ಕಳ ಓದು ಕೆಡಬಾರದೆಂದು ಹಬ್ಬದ ಚಿತ್ರವನ್ನಷ್ಟೇ ಕಳಿಸುತ್ತಾರೆ. ಇಬ್ಬರದೂ ಪ್ರೀತಿಯೇ. ಆದರೆ ಹೀಗೆ ಎರಡು ಕಡೆಯೂ ನಗುವ ಮುಖಗಳೇ ಓಡಾಡುತ್ತಿದ್ದರೆ ನಿಜವಾಗಿ ಕಷ್ಟ ಬಂದ ದಿನ ಮಗುವಿಗೆ ಫೋನು ಎತ್ತಲು ಬಾಯೇ ಬರುವುದಿಲ್ಲ. 'ಊಟ ಆಯ್ತಾ' ಎಂಬ ಪ್ರಶ್ನೆಗೆ 'ಆಯ್ತು' ಎಂಬ ಉತ್ತರವಿದೆ. 'ಏನು ಮಾಡಿಕೊಂಡೆ, ಯಾರ ಜೊತೆ ತಿಂದೆ' ಎಂದು ಕೇಳಿದರೆ ಮಾತ್ರ ಒಂದಿಷ್ಟು ನಿಜ ಹೊರಬರುತ್ತದೆ.

ಮೇಷ್ಟ್ರ ಮನೆಯಲ್ಲಿ ಈಗ ಒಂದು ಒಪ್ಪಂದವಾಗಿದೆ. ಭಾನುವಾರಕ್ಕೊಂದು ಚಿತ್ರ, ಎರಡು ಕಡೆಯಿಂದಲೂ. ಅದು ನೋಡತಕ್ಕ ಸ್ಥಳದ್ದಾಗಿರಬಾರದು. ಅರಸೀಕೆರೆಯಿಂದ ಇದುವರೆಗೆ ಹೋದವುಗಳಲ್ಲಿ ಸುಳಿ ಒಣಗಿದ ಒಂದು ತೆಂಗಿನಮರ, ಬ್ಯಾಂಕಿಗೆ ಕಂತು ಕಟ್ಟಿದ ಚೀಟಿ, ಅಮ್ಮನ ಮಾತ್ರೆಯ ಡಬ್ಬಿ ಇವೆ. ಡ್ರೆಸ್ಡನ್ನಿನಿಂದ ಸೀದುಹೋದ ಚಪಾತಿ, ಎಂಟು ಜನರ ಸಿಂಕಿನಲ್ಲಿ ತೊಳೆಯದೆ ಬಿದ್ದ ಪಾತ್ರೆ, ತಿದ್ದಿ ವಾಪಸು ಬಂದ ಪ್ರಬಂಧದ ಮೊದಲ ಪುಟ ಬಂದಿವೆ. 2025ರ ಡಿಸೆಂಬರಿನಲ್ಲಿ ಬಂದ ಒಂದರಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾದ ಕಿಟಕಿ, ಅದರ ಕೆಳಗೆ ಹೀಟರಿನ ಮೇಲೆ ಒಣಹಾಕಿದ ಒಂದು ಜೊತೆ ಕಾಲುಚೀಲ. ಬೇರೇನೂ ಇಲ್ಲ. ತಾಯಿ ಅದನ್ನು ನೋಡಿದವರೇ ಮುಂದಿನ ಭಾನುವಾರದವರೆಗೆ ಕಾಯಲಿಲ್ಲ. ಆ ರಾತ್ರಿಯೇ ಫೋನು ಮಾಡಿದರು. ಒಂದೂವರೆ ಗಂಟೆ ಮಾತಾಯಿತು.